ಅಚ್ಚಿನಮನೆಯಲ್ಲಿ ಹುಟ್ಟಿದ ವೀರಕಥೆ

ವೀರಕಾವ್ಯಗಳು ಹುಟ್ಟುವ ಕ್ರಮ ನಮಗೆಲ್ಲ ತಿಳಿದದ್ದೇ. ಮೊದಲು ಯುದ್ಧ ನಡೆಯುತ್ತದೆ. ವೀರರು ಹೋರಾಡಿ ಮಡಿಯುತ್ತಾರೆ. ತಲೆಮಾರುಗಳು ಉರುಳಿದ ಮೇಲೆ ಕವಿ ಬಂದು ಹಾಡುತ್ತಾನೆ. ಕಾರ್ಯ ಮೊದಲು, ಕಥನ ಆಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದ ಒಂದು ವಿಚಿತ್ರ ವೀರಕಥೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿಕೊಂಡಿತು. ಅಲ್ಲಿ ಕಥೆ ಹೇಳುವವರು ಮೊದಲು ಸಿದ್ಧರಾದರು. ಕಥೆಗೆ ಬೇಕಾದ ವೀರರನ್ನು ಆಮೇಲೆ ಹುಡುಕಿಕೊಂಡರು. ಅದೇ 'ಟೂರ್ ದ ಫ್ರಾನ್ಸ್', ಎಂದರೆ ಫ್ರಾನ್ಸ್ ದೇಶವನ್ನು ಸುತ್ತಿಬರುವ ಸೈಕಲ್ ಸ್ಪರ್ಧೆ. ಕ್ರೀಡೆಯ ಅಂಕಣಕ್ಕೆ ಸೇರಬೇಕಾದ ಈ ವಿಷಯವನ್ನು ಸಾಹಿತ್ಯಾಸಕ್ತರ ಮುಂದಿಡಲು ಕಾರಣವುಂಟು. ಕಥೆ ಹೇಳುವವನಿಗೂ ಯಾರ ಕಥೆಯನ್ನು ಹೇಳಲಾಗುತ್ತದೆಯೋ ಅವನಿಗೂ ಇರಬೇಕಾದ ಸಂಬಂಧ ಎಂಥದು ಎಂಬ ಪ್ರಶ್ನೆ ಈ ಸ್ಪರ್ಧೆಯ ಚರಿತ್ರೆಯ ಉದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಸ್ಪರ್ಧೆಯ ಸ್ವರೂಪವನ್ನು ಮೊದಲು ಒಂದೆರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಈಗ ಅದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ಮೂರು ವಾರಗಳ ಕಾಲ ನಡೆಯುತ್ತದೆ. ದಿನಕ್ಕೊಂದರಂತೆ ಇಪ್ಪತ್ತೊಂದು ಹಂತಗಳು. ನಡುವೆ ಒಂದೆರಡು ದಿನ ವಿಶ್ರಾಂತಿ. ಒಟ್ಟು ದೂರ ಸುಮಾರು 3,400 ಕಿಲೋಮೀಟರ್. ಪ್ರತಿಯೊಂದು ಹಂತಕ್ಕೂ ಸವಾರ ತೆಗೆದುಕೊಂಡ ವೇಳೆಯನ್ನು ಕೂಡಿಸುತ್ತ ಹೋಗಿ, ಕೊನೆಗೆ ಯಾರ ಮೊತ್ತ ಅತಿ ಕಡಿಮೆಯೋ ಅವನನ್ನು ವಿಜೇತನೆಂದು ಸಾರುತ್ತಾರೆ. ಒಂದೇ ದಿನದಲ್ಲಿ ಮುಗಿಯುವ ಪಂದ್ಯಕ್ಕೂ ಇದಕ್ಕೂ ಇರುವ ಅಂತರ ಮುಕ್ತಕಕ್ಕೂ ಮಹಾಕಾವ್ಯಕ್ಕೂ ಇರುವ ಅಂತರದಂಥದು. ಇಂದಿನ ಸೋಲನ್ನು ನಾಳೆ ತುಂಬಿಕೊಳ್ಳಬಹುದು. ಇಂದಿನ ಗೆಲುವು ನಾಡಿದ್ದು ಬೆಟ್ಟದ ಏರಿನಲ್ಲಿ ಕರಗಿಹೋಗಬಹುದು. ಮುಂದೇನಾಯಿತು ಎಂಬ ಕುತೂಹಲವನ್ನು ಮರುದಿನದ ಬೆಳಗಿನವರೆಗೆ ಕಾಯ್ದಿಡುವ ಈ ಗುಣ ದಿನಪತ್ರಿಕೆಗೆ ಹೇಳಿಮಾಡಿಸಿದಂತಿದೆ. ಅದು ಆಕಸ್ಮಿಕವಲ್ಲ, ಸ್ಪರ್ಧೆಯನ್ನು ಹುಟ್ಟಿಸಿದ್ದೇ ಒಂದು ದಿನಪತ್ರಿಕೆ.

ಆ ಪತ್ರಿಕೆಯ ಜನನಕ್ಕೆ ಕಾರಣವಾದದ್ದು ಡ್ರೇಫಸ್ ಪ್ರಕರಣ. ದೇಶದ್ರೋಹದ ಸುಳ್ಳು ಆಪಾದನೆಗೆ ಗುರಿಯಾಗಿ ಶಿಕ್ಷೆ ಅನುಭವಿಸಿದ ಯೆಹೂದಿ ಸೇನಾಧಿಕಾರಿ ಡ್ರೇಫಸ್ ಪರವಾಗಿ ಕಾದಂಬರಿಕಾರ ಎಮಿಲ್ ಜೋಲಾ 1898ರಲ್ಲಿ ಬರೆದ ಬಹಿರಂಗ ಪತ್ರದ ವಿಷಯ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಫ್ರಾನ್ಸ್ ಆಗ ಎರಡು ಪಾಳೆಯಗಳಾಗಿ ಒಡೆಯಿತು. ಪ್ಯಾರಿಸ್ಸಿನ ಪ್ರಮುಖ ಕ್ರೀಡಾಪತ್ರಿಕೆ 'ಲ ವೆಲೊ'. ಹಸಿರು ಕಾಗದದ ಮೇಲೆ ಅಚ್ಚಾಗುತ್ತಿದ್ದ ಅದರ ಸಂಪಾದಕ ಪಿಯೆರ್ ಜಿಫಾರ್ ಡ್ರೇಫಸ್ ಪಕ್ಷದವನು. ಅದಕ್ಕೆ ಜಾಹೀರಾತು ಕೊಡುತ್ತಿದ್ದ ಮೋಟಾರು ತಯಾರಕ ಕೌಂಟ್ ದ ದಿಯೋಂ ವಿರೋಧ ಪಕ್ಷದವನು. 1899ರ ಜೂನ್ ತಿಂಗಳಲ್ಲಿ ಓತೆಯ್ ಎಂಬಲ್ಲಿಯ ಕುದುರೆಜೂಜಿನ ಮೈದಾನದಲ್ಲಿ ನಡೆದ ಗಲಭೆಯಲ್ಲಿ ದೇಶದ ಅಧ್ಯಕ್ಷ ಲೂಬೆಯ ತಲೆಯ ಮೇಲೆ ಬೆತ್ತದ ಏಟು ಬಿತ್ತು; ಆ ಗಲಭೆಯಲ್ಲಿ ಸೇರಿದ್ದ ದ ದಿಯೋಂ ಕೆಲವು ದಿನ ಸೆರೆಮನೆ ಕಂಡ. ಜಿಫಾರ್ ಅವನನ್ನು ಟೀಕಿಸಿ ಬರೆದ. ಮುನಿದ ಕೌಂಟ್ ತನ್ನಂಥ ಉದ್ಯಮಿಗಳನ್ನು ಕೂಡಿಕೊಂಡು 1900ರಲ್ಲಿ ಎದುರು ಪತ್ರಿಕೆಯೊಂದನ್ನು ಹೊರಡಿಸಿದ. ಅದರ ಕಾಗದದ ಬಣ್ಣ ಹಳದಿ. ಕೋರ್ಟಿನ ತೀರ್ಪಿನಿಂದಾಗಿ 1903ರಲ್ಲಿ ಅದರ ಹೆಸರು ಬರಿಯ 'ಲೊತೊ' ಎಂದಾಯಿತು. ಸಂಪಾದಕನಾಗಿ ಬಂದವನು ಆನ್ರಿ ದೆಗ್ರಾಂಜ್. ಹಿಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. 1893ರಲ್ಲಿ ಒಂದು ಗಂಟೆಯಲ್ಲಿ 35 ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ತುಳಿದು ದಾಖಲೆ ಸ್ಥಾಪಿಸಿದ್ದವನು.

ಪತ್ರಿಕೆಯ ಮಾರಾಟ ಮಾತ್ರ ಮೇಲೇಳಲಿಲ್ಲ. 1902ರ ನವೆಂಬರ್ 20ರಂದು ದೆಗ್ರಾಂಜ್ ತನ್ನ ಯುವ ವರದಿಗಾರ ಜೆಯೋ ಲೆಫೆವ್ರ್‌ನೊಡನೆ ಪ್ಯಾರಿಸ್ಸಿನ ಉಪಾಹಾರಗೃಹವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ, ಲೆಫೆವ್ರ್ ಒಂದು ಸಲಹೆ ಮುಂದಿಟ್ಟ. ಮೈದಾನದ ಸುತ್ತುಪಥದಲ್ಲಿ ಆರು ದಿನ ನಡೆಯುವ ಸೈಕಲ್ ಪಂದ್ಯ ಆಗ ಜನಪ್ರಿಯವಾಗಿತ್ತು. ಅಂಥದನ್ನೇ ಹೆದ್ದಾರಿಗೆ ತಂದು ದೇಶವನ್ನೆಲ್ಲ ಸುತ್ತಿಸಿದರೆ ಹೇಗೆ? ಸಂಪಾದಕ ಮೊದಲು ಹಿಂಜರಿದ. ಪತ್ರಿಕೆಯ ಹಣಕಾಸು ನೋಡಿಕೊಳ್ಳುತ್ತಿದ್ದ ವಿಕ್ತೋರ್ ಗೊದೆ ಒಪ್ಪಿದ ಮೇಲೆ ಧೈರ್ಯ ತಂದುಕೊಂಡ. 1903ರ ಜನವರಿಯಲ್ಲಿ ಪ್ರಕಟಣೆ ಹೊರಟಿತು. ಸವಾರರು ಸಾಕಷ್ಟು ಮುಂದೆ ಬರಲಿಲ್ಲ. ಪ್ರವೇಶಧನವನ್ನು 20 ಫ್ರಾಂಕಿನಿಂದ 10ಕ್ಕೆ ಇಳಿಸಿ, ಮೊದಲ ಐವತ್ತು ಮಂದಿಗೆ ದಿನಕ್ಕೆ 5 ಫ್ರಾಂಕ್ ಖರ್ಚು ಕೊಡುವುದಾಗಿ ಹೇಳಿದ ಮೇಲೆ ಅರವತ್ತು ಜನ ಕೂಡಿದರು. ಅವರಲ್ಲಿ ಹೆಚ್ಚಿನವರು ಕೈಕೆಲಸದವರು, ಕೂಲಿಯವರು.

ಜುಲೈ 1ರಂದು ಪ್ಯಾರಿಸ್ಸಿನ ಹೊರವಲಯದ ಮೋಂಜೆರೋಂನಲ್ಲಿ ಒಂದು ಹೋಟೆಲಿನ ಮುಂದಿನಿಂದ ಸ್ಪರ್ಧೆ ಹೊರಟಿತು. ಅಂದಿನ ಪತ್ರಿಕೆಯಲ್ಲಿ ದೆಗ್ರಾಂಜ್ ಬರೆದ ಸಂಪಾದಕೀಯದ ಆರಂಭವನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಜೋಲಾ ತನ್ನ 'ಭೂಮಿ' ಎಂಬ ಕಾದಂಬರಿಯಲ್ಲಿ ಚಿತ್ರಿಸಿದ ಉಳುವವನ ವಿಶಾಲವಾದ ಕೈಬೀಸನ್ನು ನೆನಪಿಗೆ ತಂದು, ಅದೇ ರೀತಿಯಲ್ಲಿ ತನ್ನ ಪತ್ರಿಕೆ ಈ ಒರಟು ಸವಾರರನ್ನು ಶಕ್ತಿಯ ಬೀಜ ಬಿತ್ತುವವರನ್ನಾಗಿ ದೇಶದ ಮೇಲೆ ಎಸೆಯುತ್ತಿದೆ ಎಂಬ ಭಾವದಲ್ಲಿ ಆತ ಬರೆದ. ಜೋಲಾನ ವಿರೋಧಿಗಳು ಹಣ ಹೂಡಿದ ಪತ್ರಿಕೆ, ಜೋಲಾ ತೀರಿಕೊಂಡು ಒಂದು ವರ್ಷವೂ ಕಳೆಯದಿರುವಾಗ, ಅವನ ಪ್ರತಿಮೆಯನ್ನೇ ಎರವಲು ತಂದು ತನ್ನ ಮಂಗಳಾಚರಣೆ ಮಾಡಿಕೊಂಡಿತು. ಆ ರೂಪಕದಲ್ಲಿ ಅಡಗಿರುವ ಇನ್ನೊಂದು ಅರ್ಥವನ್ನೂ ಕಾಣಬಹುದು. ಬಿತ್ತುವ ಕೈ ಪತ್ರಿಕೆಯದು. ಮಣ್ಣಿಗೆ ಬೀಳುವ ಕಾಳು ಸವಾರನದು.

ಮೊದಲ ಹಂತವೇ ಪ್ಯಾರಿಸ್‌ನಿಂದ ಲಿಯೋಂ ನಗರದವರೆಗೆ 467 ಕಿಲೋಮೀಟರ್. ಮಧ್ಯಾಹ್ನ ಹೊರಟವರು ಇರುಳೆಲ್ಲ ಮಣ್ಣುರಸ್ತೆಯಲ್ಲಿ ತುಳಿದು ಮರುದಿನ ಬೆಳಿಗ್ಗೆ ತಲಪಬೇಕು. ಆರು ಹಂತ, 2,428 ಕಿಲೋಮೀಟರ್. ಹೊರಟ ಅರವತ್ತರಲ್ಲಿ ಕೊನೆ ಮುಟ್ಟಿದವರು ಇಪ್ಪತ್ತೊಂದು ಜನ. ಗೆದ್ದವನು ಮೊರಿಸ್ ಗರಾಂ. ಇಟಲಿಯ ಬೆಟ್ಟದೂರಿನಲ್ಲಿ ಹುಟ್ಟಿ, ಹೊಗೆಗೂಡು ಗುಡಿಸುವ ಕೆಲಸ ಮಾಡಿಕೊಂಡು ಬೆಳೆದವನು. ಎರಡನೆಯವನಿಗಿಂತ ಸುಮಾರು ಮೂರು ಗಂಟೆ ಮುಂದಿದ್ದ. ಗೆದ್ದ ಇನ್ನೊಬ್ಬನೆಂದರೆ ಪತ್ರಿಕೆ. ಇಪ್ಪತ್ತೈದು ಸಾವಿರದಷ್ಟಿದ್ದ ಪ್ರಸಾರ ಅರವತ್ತೈದು ಸಾವಿರಕ್ಕೆ ಏರಿತು. 1908ರ ಹೊತ್ತಿಗೆ ಎರಡೂವರೆ ಲಕ್ಷ. ಹಸಿರು ಕಾಗದದ 'ಲ ವೆಲೊ' 1904ರಲ್ಲಿ ಮುಚ್ಚಿಹೋಯಿತು. ಟೆಲಿವಿಷನ್ ಇಲ್ಲದ ಕಾಲ. ಇರುಳಿನಲ್ಲಿ ಹಾದುಹೋದ ಸವಾರರನ್ನು ಕಂಡವರಾದರೂ ಎಷ್ಟು ಜನ? ಫ್ರಾನ್ಸ್ ಈ ಸ್ಪರ್ಧೆಯನ್ನು ನೋಡಲಿಲ್ಲ, ಓದಿತು.

ಓದಿದ ಜನ ಓದಿದ್ದನ್ನು ಅತಿಯಾಗಿ ನಂಬಿದರು. 1904ರಲ್ಲಿ ತಮ್ಮ ಊರಿನ ಸವಾರ ಗೆಲ್ಲಲೆಂದು ಸೇಂತೆತಿಯೆನ್ ಬಳಿ ಗುಂಪುಗಟ್ಟಿ ಕತ್ತಲಲ್ಲಿ ಉಳಿದವರ ಮೇಲೆ ಹಲ್ಲೆ ಮಾಡಿದರು. ವಂಚನೆಯ ಆರೋಪಗಳ ವಿಚಾರಣೆ ನಡೆದು ಗರಾಂ ಸೇರಿದಂತೆ ಮೊದಲ ನಾಲ್ವರೂ ಅನರ್ಹರಾದರು. ಹತ್ತೊಂಬತ್ತು ವರ್ಷದ ಆನ್ರಿ ಕೊರ್ನೆಗೆ ಜಯ ಸಂದಿತು. ಟೂರ್ ಮುಗಿಯಿತೆಂದು, ತನ್ನ ಯಶಸ್ಸೇ ಅದನ್ನು ಕೊಂದಿತೆಂದು ದೆಗ್ರಾಂಜ್ ನೊಂದು ಬರೆದ. ಮರುವರ್ಷವೇ ಹೊಸ ನಿಯಮಗಳೊಂದಿಗೆ ಮತ್ತೆ ನಡೆಸಿದ. ಲಾಭ ತರುವ ಕಥೆಯನ್ನು ನಡುವೆ ನಿಲ್ಲಿಸುವುದು ಸುಲಭವಲ್ಲ.

ಕಥೆ ಬೆಳೆಯಬೇಕಾದರೆ ಕಷ್ಟವೂ ಬೆಳೆಯಬೇಕು. 1910ರಲ್ಲಿ ಸ್ಪರ್ಧೆಯನ್ನು ಪಿರೆನೀಸ್ ಪರ್ವತಗಳಿಗೆ ಕೊಂಡೊಯ್ಯುವ ಯೋಚನೆ ಬಂದಿತು. ದಾರಿ ನೋಡಲು ಹೋದ ಪತ್ರಿಕೆಯ ಆಲ್ಫೋನ್ಸ್ ಸ್ಟೈನೆಸ್ 2,115 ಮೀಟರ್ ಎತ್ತರದ ತೂರ್ಮಲೆ ಘಾಟಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದ. ಕಾರು ಮುಂದೆ ಸಾಗದೆ, ಕತ್ತಲೆಯಲ್ಲಿ ನಡೆದು, ಬಿದ್ದು ಎದ್ದು, ಹೇಗೋ ಜೀವ ಉಳಿಸಿಕೊಂಡು ಆಚೆಯ ಊರು ಸೇರಿದ. ಅಲ್ಲಿಂದ ಸಂಪಾದಕನಿಗೆ ಆತ ಕಳಿಸಿದ ತಂತಿಯ ಸಾರಾಂಶವೇನು? ತೂರ್ಮಲೆ ದಾಟಿದೆ, ರಸ್ತೆ ಬಹಳ ಚೆನ್ನಾಗಿದೆ! ಆ ವರ್ಷದ ಜುಲೈ 21ರಂದು ಸವಾರರು ನಾಲ್ಕು ದೊಡ್ಡ ಘಾಟಿಗಳನ್ನು ದಾಟಿ 326 ಕಿಲೋಮೀಟರ್ ಸಾಗಬೇಕಾಯಿತು. ಕೊನೆಯ ಘಾಟಿಯಾದ ಓಬಿಸ್ಕ್‌ನ ಏರಿನಲ್ಲಿ, ಸೈಕಲನ್ನು ತುಳಿದೂ ತಳ್ಳಿಯೂ ಬಸವಳಿದಿದ್ದ ಒಕ್ತಾವ್ ಲಪೀಜ್, ದಾರಿಯ ಬದಿಯಲ್ಲಿ ನಿಂತಿದ್ದ ವ್ಯವಸ್ಥಾಪಕರನ್ನು ಕಂಡು 'ಕೊಲೆಗಡುಕರು' ಎಂದು ಕೂಗಿದ. ಅಂದಿನ ಹಂತವನ್ನೂ ಆ ವರ್ಷದ ಸ್ಪರ್ಧೆಯನ್ನೂ ಗೆದ್ದವನು ಅವನೇ. ಸೋತವನ ಗೊಣಗಾಟವೆಂದು ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಪತ್ರಿಕೆಯ ಶಕ್ತಿ ಎಂಥದೆಂದರೆ, ಆ ಬೈಗುಳವೂ ಕಾಲಕ್ರಮದಲ್ಲಿ ಸ್ಪರ್ಧೆಯ ಮಹಿಮೆಯನ್ನು ಸಾರುವ ಐತಿಹ್ಯವಾಯಿತು.

ಆ ಕಾಲದ ಒಂದು ನಿಯಮ ಕಠೋರವಾಗಿತ್ತು: ಸೈಕಲ್ ಕೆಟ್ಟರೆ ಸವಾರ ತಾನೇ ರಿಪೇರಿ ಮಾಡಿಕೊಳ್ಳಬೇಕು, ಯಾರ ನೆರವನ್ನೂ ಪಡೆಯಕೂಡದು. 1913ರಲ್ಲಿ ಗೆಲುವಿನ ಆಸೆ ಹೊತ್ತು ತೂರ್ಮಲೆಯಿಂದ ಇಳಿಯುತ್ತಿದ್ದ ಯುಜೇನ್ ಕ್ರಿಸ್ತೋಫನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ರಥದ ಗಾಲಿ ನೆಲದಲ್ಲಿ ಹೂತಾಗ ಕರ್ಣನಿಗೆ ಒದಗಿದ ಸ್ಥಿತಿ ಅದು. ಸೈಕಲ್ಲನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಸೇಂತ್ ಮರಿ ದ ಕಾಂಪಾನ್ ಎಂಬ ಹಳ್ಳಿಯ ಕುಲುಮೆಯನ್ನು ಸೇರಿದ. ಬೀಗದ ಕೆಲಸ ಕಲಿತಿದ್ದ ಆತ, ವ್ಯವಸ್ಥಾಪಕರ ಕಣ್ಣೆದುರಿಗೇ ಕಬ್ಬಿಣ ಕಾಯಿಸಿ ಬಡಿದು ಫೋರ್ಕನ್ನು ತಾನೇ ಬೆಸೆದುಕೊಂಡ. ಸುತ್ತಿಗೆಗೂ ಕಬ್ಬಿಣಕ್ಕೂ ಎರಡು ಕೈ ಬೇಕಾಗುವುದರಿಂದ ತಿದಿಯೊತ್ತಲು ಒಬ್ಬ ಹುಡುಗನನ್ನು ಕರೆದ. ಅದೇ ಹೊರಗಿನವರ ನೆರವೆಂದು ಎಣಿಸಿ ಹತ್ತು ನಿಮಿಷ ದಂಡ ವಿಧಿಸಿದರು. ಆಮೇಲೆ ಅದನ್ನು ಮೂರಕ್ಕೆ ಇಳಿಸಿದರು. ಅಷ್ಟರಲ್ಲಿ ಆತ ಕಳೆದುಕೊಂಡ ವೇಳೆ ಸುಮಾರು ನಾಲ್ಕು ಗಂಟೆ. ಆದರೂ ಬಿಡದೆ ತುಳಿದು ಪ್ಯಾರಿಸ್ಸಿಗೆ ಏಳನೆಯವನಾಗಿ ಬಂದ. ಆ ವರ್ಷ ಗೆದ್ದವನ ಹೆಸರನ್ನು ಇಂದು ಬಲ್ಲವರು ಕಡಿಮೆ. ಕುಲುಮೆಯ ಕಥೆ ಮಾತ್ರ ಉಳಿದಿದೆ. ಆ ಹಳ್ಳಿಯಲ್ಲಿ ಸ್ಮಾರಕ ಫಲಕವನ್ನೂ ಇಟ್ಟಿದ್ದಾರೆ.

1914ರ ಸ್ಪರ್ಧೆ ಹೊರಟದ್ದು ಜೂನ್ 28ರಂದು. ಅದೇ ದಿನ ಸರಯೇವೊ ನಗರದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಯಿತು. ಹಿಂದೆ ಟೂರ್ ಗೆದ್ದಿದ್ದ ಮೂವರು, ಫಾಬೆರ್, ಪೆತಿ ಬ್ರೆತೋಂ ಮತ್ತು ಕೊಲೆಗಡುಕರೆಂದು ಕೂಗಿದ್ದ ಲಪೀಜ್, ಯುದ್ಧದ ವರ್ಷಗಳಲ್ಲಿ ಮರಣ ಹೊಂದಿದರು. ಶಾಂತಿ ಮರಳಿದ ಮೇಲೆ 1919ರಲ್ಲಿ, ಹಾಳುಬಿದ್ದ ರಸ್ತೆಗಳ ಮೇಲೆ, 67 ಮಂದಿ ಹೊರಟರು. ಪ್ಯಾರಿಸ್ ಮುಟ್ಟಿದವರು ಹನ್ನೊಂದು ಮಂದಿ. ಮುಂದಿರುವವನನ್ನು ಜನ ಗುರುತಿಸುವಂತಾಗಲೆಂದು ಆ ವರ್ಷ ಪತ್ರಿಕೆಯ ಕಾಗದದ ಬಣ್ಣದ್ದೇ ಆದ ಹಳದಿ ಅಂಗಿಯನ್ನು ಜಾರಿಗೆ ತಂದರು. ಅದನ್ನು ಮೊದಲು ತೊಟ್ಟವನು ಕ್ರಿಸ್ತೋಫ್. ಗೆಲುವು ಕೈಗೆಟಕುವಂತಿದ್ದಾಗ ವಲೆನ್ಸಿಯೆನ್ ಬಳಿ ಮತ್ತೆ ಅವನ ಫೋರ್ಕು ಮುರಿಯಿತು! ಪತ್ರಿಕೆಯ ಓದುಗರು ಚಂದಾ ಎತ್ತಿ ಅವನಿಗೆ ಹಣ ಕಳಿಸಿದರು. ದಿನವೂ ಓದುತ್ತಿದ್ದವರಿಗೆ ಕೊನೆಗೂ ಕಥಾನಾಯಕನ ಹಿಂದೆ ಒಬ್ಬ ದುಡಿಯುವ ಮನುಷ್ಯ ಕಂಡದ್ದು ಈ ಸಂದರ್ಭದಲ್ಲಿ.

ವ್ಯವಸ್ಥಾಪಕ ಪತ್ರಿಕೆಗೆ ಸೇರದ ಲೇಖಕನೊಬ್ಬ ಈ ವೀರಕಥೆಯೊಳಗೆ ಇಣುಕಿ ನೋಡಿದ್ದು 1924ರಲ್ಲಿ. ಆಲ್ಬೆರ್ ಲೋಂದ್ರ್ ಆ ಕಾಲದ ಪ್ರಸಿದ್ಧ ವರದಿಗಾರ. ಫ್ರೆಂಚ್ ಗಯಾನಾದ ಸೆರೆವಸಾಹತಿನ ನರಕವನ್ನು ಹಿಂದಿನ ವರ್ಷವಷ್ಟೇ ಬಯಲಿಗೆಳೆದಿದ್ದವನು. 'ಲ ಪೆತಿ ಪರಿಸಿಯೆನ್' ಪತ್ರಿಕೆಗಾಗಿ ಟೂರ್‌ನ ಬೆನ್ನು ಹತ್ತಿದ. ಸವಾರ ಬೆಳಿಗ್ಗೆ ತೊಟ್ಟು ಹೊರಟ ಬಟ್ಟೆಗಳಷ್ಟನ್ನೂ ತೊಟ್ಟೇ ಹಂತವನ್ನು ಮುಗಿಸಬೇಕೆಂಬ ನಿಯಮವಿತ್ತು. ಹಿಂದಿನ ವರ್ಷದ ವಿಜೇತ ಆನ್ರಿ ಪೆಲಿಸಿಯೆ ಮುಂಜಾನೆಯ ಚಳಿಗೆ ಎರಡು ಅಂಗಿ ತೊಟ್ಟು, ಬಿಸಿಲೇರಿದಾಗ ಒಂದನ್ನು ಬಿಸಾಡಿದನೆಂಬ ಗುಮಾನಿಯಿಂದ ಅಧಿಕಾರಿಯೊಬ್ಬ ಅವನ ಅಂಗಿಯನ್ನೆತ್ತಿ ಎಣಿಸಲು ಹೋದ. ಆ ಅವಮಾನಕ್ಕೆ ಸಿಡಿದು ಆನ್ರಿ, ಅವನ ತಮ್ಮ ಫ್ರಾನ್ಸಿಸ್, ಸಂಗಡಿಗ ವಿಲ್ ಮೂವರೂ ಕೂತಾಂಸ್ ಎಂಬ ಊರಿನಲ್ಲಿ ಸ್ಪರ್ಧೆ ಬಿಟ್ಟರು. ಲೋಂದ್ರ್ ಅಲ್ಲಿಯ ಹೋಟೆಲೊಂದರಲ್ಲಿ ಅವರನ್ನು ಹಿಡಿದ. ಅವರು ತಮ್ಮ ಚೀಲ ಬಿಚ್ಚಿ ತೋರಿಸಿದರು: ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೋಫಾರಂ, ಬಗೆಬಗೆಯ ಗುಳಿಗೆಗಳು. ಇವುಗಳ ಬಲದಿಂದ ತಾವು ಓಡುತ್ತಿರುವುದಾಗಿ ಹೇಳಿದರು. ಆ ವರದಿಗಳಿಗೆ 'ದಾರಿಯ ಖೈದಿಗಳು' ಎಂಬರ್ಥದ ಹೆಸರು ಅಂಟಿಕೊಂಡಿತು. ಸೈಕಲ್ಲಿನ ವಿಷಯ ತಿಳಿಯದ ಲೋಂದ್ರ್‌ನಿಗೆ ತಾವು ಸ್ವಲ್ಪ ಬಣ್ಣ ಕಟ್ಟಿ ಹೇಳಿದೆವೆಂದು ಫ್ರಾನ್ಸಿಸ್ ಎಷ್ಟೋ ಕಾಲದ ಮೇಲೆ ನಕ್ಕನಂತೆ. ಇರಬಹುದು. ಆದರೆ ಸವಾರನ ಬಾಯಿಂದಲೇ ಸವಾರನ ಕಥೆಯನ್ನು ಕೇಳುವ ಸೌಜನ್ಯವನ್ನು ಲೋಂದ್ರ್ ತೋರಿದ. ಮುಂದಿನ ಅನಾಹುತಗಳನ್ನು ನೆನೆದರೆ ಆ ಚೀಲವನ್ನು ನಗೆಗೆ ಬಿಡುವಂತಿಲ್ಲ.

ಇಟಲಿಯಲ್ಲಿಯೂ ಇದೇ ಬಗೆಯ ಕಥೆ. 'ಗಜೆತ್ತಾ ದೆಲ್ಲೊ ಸ್ಪೋರ್ತ್' ಎಂಬ ಪತ್ರಿಕೆ 1909ರಲ್ಲಿ 'ಜಿರೊ ದಿತಾಲಿಯಾ' ಸ್ಪರ್ಧೆಯನ್ನು ಆರಂಭಿಸಿತು. ಆ ಪತ್ರಿಕೆಯ ಕಾಗದ ಗುಲಾಬಿ. ಅಲ್ಲಿಯ ಮುಂದಾಳಿನ ಅಂಗಿಯೂ 1931ರಿಂದ ಗುಲಾಬಿ. ಮೊದಲ ವಿಜೇತ ಲುಯಿಜಿ ಗನ್ನಾ ಗಾರೆ ಕೆಲಸದವನು. ಜಯದ ಕ್ಷಣದಲ್ಲಿ ಏನನ್ನಿಸುತ್ತದೆ ಎಂದು ಪತ್ರಕರ್ತರು ಉದಾತ್ತವಾದ ನುಡಿಯೊಂದನ್ನು ನಿರೀಕ್ಷಿಸಿ ಕೇಳಿದಾಗ ಆತ ತನ್ನ ಆಡುನುಡಿಯಲ್ಲಿ, ಕುಂಡೆ ಉರಿಯುತ್ತಿದೆ ಎಂದನಂತೆ! ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಹೇಳಿಕೆ ಇನ್ನೊಂದಿರಲಾರದು. 1924ರಲ್ಲಿ, ಸಂಭಾವನೆಯ ಜಗಳದಿಂದ ದೊಡ್ಡ ತಂಡಗಳು ದೂರ ಉಳಿದಾಗ, ರೈತ ಕುಟುಂಬದ ಆಲ್ಫೊನ್ಸಿನಾ ಸ್ತ್ರಾದಾ ಎಂಬ ಮಹಿಳೆಗೆ ಗಂಡಸರ ನಡುವೆ ಸ್ಪರ್ಧಿಸಲು ಅವಕಾಶ ಸಿಕ್ಕಿತು. ಒಂದು ಹಂತದಲ್ಲಿ ಗಡುವು ಮೀರಿದ್ದರಿಂದ ಆಕೆಯ ಹೆಸರು ಫಲಿತಾಂಶದ ಪಟ್ಟಿಯಿಂದ ಬಿದ್ದುಹೋಯಿತು. ಆದರೂ ಆಕೆ ಪೂರ್ತಿ ದಾರಿಯನ್ನು ತುಳಿದು ಮಿಲಾನ್ ಮುಟ್ಟಿದಳು. ಹೊರಟ 90 ಜನರಲ್ಲಿ ಪಟ್ಟಿಯಲ್ಲಿ ಉಳಿದವರು 30 ಮಂದಿ. ಪತ್ರಿಕೆಗೆ ಕುತೂಹಲದ ಸುದ್ದಿ ದೊರೆಯಿತು. ಮರುವರ್ಷ ಆಕೆಗೆ ಪ್ರವೇಶ ದೊರೆಯಲಿಲ್ಲ.

ಸಾಹಿತಿಗಳೂ ಈ ದಾರಿಯಲ್ಲಿ ನಡೆದುಬಂದರು. 1949ರ ಜಿರೊವನ್ನು ವರದಿ ಮಾಡಲು ಹೋದವನು ಕಾದಂಬರಿಕಾರ ದೀನೊ ಬುತ್ಸಾತಿ. ಆಲ್ಪ್ಸ್‌ನ ಐದು ಘಾಟಿಗಳ ಮೇಲೆ ಫೌಸ್ತೊ ಕೊಪ್ಪಿ ಒಬ್ಬಂಟಿಯಾಗಿ 192 ಕಿಲೋಮೀಟರ್ ಸಾಗಿ ವಯಸ್ಸಾಗುತ್ತಿದ್ದ ಜೀನೊ ಬಾರ್ತಲಿಯನ್ನು ಹಿಂದೆ ಹಾಕಿದ ದಿನ ಬುತ್ಸಾತಿಗೆ ಹೋಮರನ ಅಕಿಲೀಸನೂ ಹೆಕ್ಟರನೂ ನೆನಪಾದರು. ವಿಮರ್ಶಕ ರೊಲಾಂ ಬಾರ್ತ್ 1957ರ ತನ್ನ ಗ್ರಂಥದಲ್ಲಿ ಟೂರ್ ಅನ್ನು ಒಂದು ಮಹಾಕಾವ್ಯವೆಂದೇ ಪರಿಶೀಲಿಸಿದ. ಅದರಲ್ಲಿ ಬೆಟ್ಟಗಳೂ ಪಾತ್ರಗಳು. ಸುಮಾರು 1,910 ಮೀಟರ್ ಎತ್ತರದ, ನೆತ್ತಿ ಬೋಳಾದ ವಾಂತು ಪರ್ವತ ಬಲಿ ಬೇಡುವ ಕೆಡುಕಿನ ದೇವತೆಯೆಂದು ಆತ ಬರೆದ. ಅದು ರೂಪಕ. ಹತ್ತು ವರ್ಷಗಳ ಮೇಲೆ, 1967ರ ಜುಲೈ 13ರಂದು, ಆ ರೂಪಕ ನಿಜವಾಯಿತು. ಗಣಿಕಾರ್ಮಿಕನ ಮಗನಾದ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಸುಡುಬಿಸಿಲಿನಲ್ಲಿ ಅದೇ ವಾಂತು ಪರ್ವತದ ತುದಿಗೆ ಸ್ವಲ್ಪ ದೂರವಿರುವಾಗ ಬಿದ್ದ. ಹತ್ತಿಸಿ ಕೂಡಿಸಿದರೆ ಮತ್ತೆ ಬಿದ್ದು ಪ್ರಾಣ ಬಿಟ್ಟ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಸಿಕ್ಕಿತು. ಲೋಂದ್ರ್ ಕಂಡಿದ್ದ ಚೀಲ ನಲವತ್ತಮೂರು ವರ್ಷಗಳ ಮೇಲೆ ಹೀಗೆ ಬಿಚ್ಚಿಕೊಂಡಿತು. ತನ್ನನ್ನು ಮತ್ತೆ ಸೈಕಲ್ಲಿನ ಮೇಲೆ ಕೂಡಿಸಿರೆಂಬುದೇ ಸಿಂಪ್ಸನ್ನನ ಕೊನೆಯ ಮಾತೆಂದು ಜಗತ್ತೆಲ್ಲ ನಂಬಿತು. ಆ ಮಾತನ್ನು ಬರೆದ ಪತ್ರಕರ್ತ ಆ ಸ್ಥಳದಲ್ಲಿ ಇರಲೇ ಇಲ್ಲ. ಸಾಯುವವನ ಬಾಯಿಗೂ ಕಥೆಗೆ ಒಪ್ಪುವ ಮಾತನ್ನೇ ಇಟ್ಟರು. ಔಷಧಗಳ ಹಾವಳಿ ಅಲ್ಲಿಗೆ ಮುಗಿಯಲಿಲ್ಲ. 1999ರಿಂದ 2005ರವರೆಗೆ ಸತತವಾಗಿ ಏಳು ಸಲ ಗೆದ್ದನೆಂದು ಹೊಗಳಿಸಿಕೊಂಡ ಅಮೆರಿಕದ ಆರ್ಮ್‌ಸ್ಟ್ರಾಂಗ್‌ನ ಬಿರುದುಗಳನ್ನು 2012ರಲ್ಲಿ ಕಿತ್ತುಕೊಂಡರು. ಆ ಏಳು ವರ್ಷಗಳ ವಿಜೇತರ ಸ್ಥಾನ ಬರಿದಾಗಿ ಉಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಪತ್ರಿಕೆಗಳು ಬರೆಯದ ಒಂದು ಸವಾರಿಯ ಮಾತನ್ನೂ ಹೇಳಬೇಕು. ಬುತ್ಸಾತಿ ಹೆಕ್ಟರನೊಡನೆ ಹೋಲಿಸಿದ ಬಾರ್ತಲಿ 1938ರಲ್ಲಿಯೂ ಹತ್ತು ವರ್ಷಗಳ ಅನಂತರ 1948ರಲ್ಲಿಯೂ ಟೂರ್ ಗೆದ್ದವನು. 1948ರಲ್ಲಿ ಇಟಲಿಯ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯ ಮೇಲೆ ಗುಂಡು ಹಾರಿ ದೇಶ ದಂಗೆಯ ಅಂಚಿಗೆ ಬಂದಾಗ, ಬಾರ್ತಲಿಯ ಗೆಲುವುಗಳ ಸುದ್ದಿಯೇ ಜನರನ್ನು ಶಾಂತಗೊಳಿಸಿತೆಂಬ ಐತಿಹ್ಯವನ್ನು ಪತ್ರಿಕೆಗಳು ಬೆಳೆಸಿದವು. ಇತಿಹಾಸಕಾರರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಆದರೆ 1943–44ರ ಜರ್ಮನ್ ಆಕ್ರಮಣದ ದಿನಗಳಲ್ಲಿ, ಯೆಹೂದಿಗಳ ಜೀವ ಉಳಿಸಲು ಫ್ಲಾರೆನ್ಸಿನ ಧರ್ಮಾಧ್ಯಕ್ಷರು ಕಟ್ಟಿದ್ದ ಗುಪ್ತ ಜಾಲಕ್ಕೆ ಬಾರ್ತಲಿ ಓಲೆಕಾರನಾಗಿದ್ದ. ಅಭ್ಯಾಸಕ್ಕೆ ಹೊರಟವನಂತೆ ಅಸ್ಸೀಸಿಯ ಕಡೆಗೆ ತುಳಿಯುತ್ತ, ಸೈಕಲ್ಲಿನ ಕೊಳವೆಯೊಳಗೆ ಸುಳ್ಳು ಗುರುತುಪತ್ರಗಳನ್ನು ಅಡಗಿಸಿ ಸಾಗಿಸುತ್ತಿದ್ದನೆಂದು ಬದುಕುಳಿದವರು ಸಾಕ್ಷ್ಯ ನುಡಿದಿದ್ದಾರೆ. ಅದರ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೂ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಆತನನ್ನು ಧರ್ಮಾತ್ಮರ ಸಾಲಿಗೆ ಸೇರಿಸಿ ಗೌರವಿಸಿತು. 2000ದಲ್ಲಿ ತೀರಿಕೊಂಡ ಬಾರ್ತಲಿ ಬದುಕಿರುವಷ್ಟು ಕಾಲ ಈ ವಿಷಯವನ್ನು ಹೇಳಿಕೊಂಡು ತಿರುಗಲಿಲ್ಲ. ಆ ದಾರಿಯಲ್ಲಿ ವೇಳೆಯನ್ನು ಎಣಿಸುವವರಿರಲಿಲ್ಲ. ಹಳದಿ ಅಂಗಿಯೂ ಇರಲಿಲ್ಲ.

ದೆಗ್ರಾಂಜ್ 1940ರಲ್ಲಿ ತೀರಿಕೊಂಡ. ಅವನ ಪತ್ರಿಕೆ ಪ್ಯಾರಿಸ್ ಬಿಡುಗಡೆಯಾದ 1944ರಲ್ಲಿ ಮುಚ್ಚಿತು. ಅವನು ಹುಟ್ಟಿಸಿದ ಸ್ಪರ್ಧೆ 1947ರಲ್ಲಿ ಮತ್ತೆ ಹೊರಟು ಇಂದಿಗೂ ನಡೆಯುತ್ತಿದೆ. 2022ರಿಂದ ಮಹಿಳೆಯರಿಗೂ ಪ್ರತ್ಯೇಕ ಟೂರ್ ಮತ್ತೆ ನಡೆಯತೊಡಗಿದೆ. ವ್ಯಾಪಾರದ ಉಪಾಯವೊಂದು ಒಂದು ಜನಾಂಗದ ಸ್ಮೃತಿಯಾಗಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ, ಮತ್ತು ಅದರಲ್ಲಿ ಬರಹಗಾರರ ಪಾಲು ದೊಡ್ಡದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ನೋವನ್ನು ಸೊಗಸಾಗಿ ವರ್ಣಿಸುವ ಶಕ್ತಿ ಇದ್ದವನಿಗೆ ಇನ್ನಷ್ಟು ನೋವು ಬೇಕೆನ್ನಿಸುವ ಅಪಾಯವೂ ಇದೆ ಎಂಬುದನ್ನು ಈ ಚರಿತ್ರೆ ತೋರಿಸಿಕೊಡುತ್ತದೆ. ಸ್ಟೈನೆಸನ ತಂತಿಯೂ ಬರಹವೇ, ಲೋಂದ್ರ್‌ನ ವರದಿಯೂ ಬರಹವೇ. ಒಂದು, ಹಿಮದಲ್ಲಿ ತಾನು ಪಟ್ಟ ಪಾಡನ್ನು ಮರೆಮಾಚಿ ಇತರರನ್ನು ಅದೇ ದಾರಿಗೆ ಕಳಿಸಿತು. ಇನ್ನೊಂದು, ದಾರಿಯಲ್ಲಿ ಬಳಲಿದವರ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಕೇಳಿತು. ಬರೆಯುವವನು ಯಾವುದರ ಕಡೆಗೆ ನಿಲ್ಲಬೇಕೆಂಬುದನ್ನು ಸಹೃದಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.